ಮೊಳೆ ಮುಳುಗುತ್ತೆ, ಹಡಗು ಯಾಕೆ ಮುಳುಗಲ್ಲ?

ಸಣ್ಣ ಮೊಳೆ ಮುಳುಗುವಾಗ ಸಾವಿರಾರು ಟನ್ ಹಡಗು ಹೇಗೆ ತೇಲುತ್ತದೆ, ಒಳಗೆ ಗಾಳಿ ಇರೋದಕ್ಕಾ ಅಂತ ಕೇಳಿದ್ದೀರಿ. ಗಾಳಿ ಇರುತ್ತದೆ ನಿಜ. ಆದರೆ ಎತ್ತಿ ಹಿಡಿಯುವುದು ನೀರು.

ಖಾಲಿ ಸ್ಟೀಲ್ ಬೋಸಿಯನ್ನು ನೀರಿನ ತೊಟ್ಟಿಯಲ್ಲಿ ತೇಲಿಬಿಟ್ಟು ಅಂಗೈಯಿಂದ ಒತ್ತಿ ನೋಡಿ. ಕೆಳಗಿಂದ ಯಾರೋ ದಬ್ಬಿದ ಹಾಗಿರುತ್ತದೆ, ಅಲ್ವಾ? ಬೋಸಿ ಇಳಿದಷ್ಟೂ ನೀರು ಪಕ್ಕಕ್ಕೆ ಸರಿಯುತ್ತದೆ. ಸರಿದ ನೀರಿನ ತೂಕ ಎಷ್ಟೋ, ಅಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಆರ್ಕಿಮಿಡೀಸ್ ಹೇಳಿದ್ದು ಇದನ್ನೇ. ಉಕ್ಕು ನೀರಿಗಿಂತ ಸುಮಾರು 7.8 ಪಟ್ಟು ಭಾರ. ಮೊಳೆ ಸರಿಸುವುದು ತನ್ನ ಗಾತ್ರದಷ್ಟು ನೀರನ್ನು ಮಾತ್ರ, ಅದಕ್ಕೇ ತಳ ಸೇರುತ್ತದೆ. ಅದೇ ಉಕ್ಕನ್ನು ತಟ್ಟಿ ಬೋಸಿ ಮಾಡಿದರೆ ಜಾಸ್ತಿ ನೀರು ಸರಿಯುತ್ತದೆ. 10,000 ಟನ್ ತೂಕದ ಹಡಗು 10,000 ಟನ್ ನೀರು ಸರಿಯುವಷ್ಟು ಇಳಿದು, ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಮಜಾ ಇದೆ. ಕಡಲ ನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಭಾರ. ಅದೇ ಹಡಗನ್ನು ನಮ್ಮ ತುಮಕೂರಿನ ಅಮಾನಿಕೆರೆಗೆ ತಂದರೆ (ಸುಮ್ನೆ ಮಾತಿಗೆ, ಅಷ್ಟು ಆಳ ಎಲ್ಲಿದೆ!) ಇನ್ನೂ ಸ್ವಲ್ಪ ಇಳಿಯುತ್ತದೆ. ಅದಕ್ಕೇ ಸರಕು ಹಡಗಿನ ಮಗ್ಗುಲಲ್ಲಿ ಸಿಹಿನೀರಿಗೊಂದು, ಕಡಲಿಗೊಂದು ಗೆರೆ ಇರುತ್ತದೆ.