ಎಕೋದಲ್ಲಿ 48 ಬಂದಿದೆ, ಮಾತ್ರೆ ಶುರು ಮಾಡ್ಲಾ?

ಪ್ರಶ್ನೆ: ಅಮ್ಮಂಗೆ 58, ಮೆಟ್ಟಿಲು ಹತ್ತಿದ್ರೆ ಏದುಸಿರು. ಎಕೋದಲ್ಲಿ ಪಿಎಎಸ್‌ಪಿ 48, ಪಲ್ಮನರಿ ಹೈಪರ್‌ಟೆನ್ಶನ್ ಅಂತ ಬರೆದಿದಾರೆ, ಕೈಯಲ್ಲಿ ಬಿಪಿ ನೋಡಿದ್ರೆ ನಾರ್ಮಲ್ಲು. ಪರಿಚಯದೋರು ಸಿಲ್ಡೆನಾಫಿಲ್ ಶುರು ಮಾಡಿ, ಮೆಡಿಕಲ್ ಶಾಪಲ್ಲೇ ಸಿಗುತ್ತೆ ಅಂದ್ರು. ಕೊಡ್ಬಹುದಾ ಡಾಕ್ಟ್ರೇ?

ಉತ್ತರ: ಕೊಡ್ಬೇಡಿ. ಒಂದ್ಸಲ 42, ಒಂದ್ಸಲ 55 ಅಂತ ನಂಬರ್ ಬದಲಾಗುತ್ತೆ ಅಷ್ಟೇ, ಪ್ರಶ್ನೆ ಮಾತ್ರ ಇದೇ ಬರ್ತಾನೇ ಇರುತ್ತೆ, ಅದಕ್ಕೆ ಉದ್ದಕ್ಕೆ ಬರೀತಿದೀನಿ. ಪಿಎಎಸ್‌ಪಿ ಅಂದ್ರೆ ಹಾರ್ಟಿಂದ ಲಂಗ್ಸಿಗೆ ಹೋಗೋ ರಕ್ತನಾಳದ ಪ್ರೆಶರ್, ಅದು ಏರಿದ್ರೇನೇ ಪಲ್ಮನರಿ ಹೈಪರ್‌ಟೆನ್ಶನ್, ಕೈಯ ಬಿಪಿ ಬೇರೆ. ಎಕೋದವರು ಆ ಪ್ರೆಶರ್ ಅಳೆದಿಲ್ಲ ಕಣ್ರೀ, ಹಾರ್ಟಿನ ಬಲಗಡೆ ವಾಲ್ವಲ್ಲಿ ರಕ್ತ ಹಿಂದಕ್ಕೆ ಸೋರೋ ಸ್ಪೀಡ್ ನೋಡಿ ಲೆಕ್ಕ ಕಟ್ಟಿದಾರೆ, 10 ಪಾಯಿಂಟ್ ಆಕಡೆ ಈಕಡೆ ಆಗೋದು ಮಾಮೂಲು. ನಿಜವಾಗಿ ಅಳೆಯೋದು ಹಾರ್ಟಿನ ಬಲಭಾಗಕ್ಕೆ ಕ್ಯಾತೀಟರ್ ಅನ್ನೋ ಸಣ್ಣ ಕೊಳವೆ ಹಾಕಿ. ಅಲ್ಲಿ ಸರಾಸರಿ 20 ದಾಟಿದ್ರೆ ಕಾಯಿಲೆ ಇದೆ ಅಂತ, ಮೊದ್ಲು 25 ಇತ್ತು, 2022ರ ಯುರೋಪಿಯನ್ ಗೈಡ್‌ಲೈನ್ ಇಳಿಸ್ತು. ಎಕೋದ 48 ಸರಾಸರಿ ಅಲ್ಲ, ಹಾರ್ಟು ಹಿಂಡಿದಾಗಿನ ಪ್ರೆಶರ್, ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಹೆದರ್ಬೇಡಿ.

ಯಾಕೆ ಏರಿದೆ ಅಂತ ಯಾರೂ ಕೇಳಲ್ಲ, ನನಗೆ ಸಿಟ್ಟು ಬರೋದೇ ಅಲ್ಲಿ. ಕಾರಣದ ಪ್ರಕಾರ ಇದ್ರಲ್ಲಿ ಐದು ಗುಂಪು. ಅಮ್ಮನ ವಯಸ್ಸಲ್ಲಿ ಹೆಚ್ಚಾಗಿ ಕಾರಣ ಹಾರ್ಟಿನ ಎಡಭಾಗ, ವರ್ಷಗಟ್ಲೆ ಬಿಪಿ ಶುಗರ್ ಇದ್ದು ಬಿಗಿಯಾದ ಹಾರ್ಟು, ಇಲ್ಲಾ ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಕಿರಿದಾದ ಮೈಟ್ರಲ್ ವಾಲ್ವು. ಅದಲ್ಲಾಂದ್ರೆ ಶ್ವಾಸಕೋಶ, ಸೌದೆ ಒಲೆ ಮುಂದೆ ಆಯಸ್ಸು ಕಳೆದೋರಿಗೆ ಹೊಗೆಯಿಂದ ಉಸಿರ್ನಾಳ ಕಿರಿದಾಗೋ ಸಿಒಪಿಡಿ ಥರದ್ದು. ಎಡಭಾಗದಲ್ಲಿ ದಾರಿ ಕಟ್ಟಿರೋವಾಗ ಸಿಲ್ಡೆನಾಫಿಲ್ ಕೊಟ್ಟು ಲಂಗ್ಸಿನ ರಕ್ತನಾಳ ಹಿಗ್ಗಿಸಿದ್ರೆ ರಕ್ತ ನುಗ್ಗಿ ಅಲ್ಲೇ ನೀರು ತುಂಬ್ಕೋಬಹುದು. ಎದೆನೋವಿಗೆ ಸಾರ್ಬಿಟ್ರೇಟ್ ನಡೀತಿದ್ರಂತೂ ಬಿಪಿ ದಡಕ್ಕಂತ ಬಿದ್ದು ಜೀವಕ್ಕೇ ಬರುತ್ತೆ. ಮೊದಲನೇ ಗುಂಪಿಗೆ, ಅಂದ್ರೆ ಲಂಗ್ಸಿನ ಸಣ್ಣ ರಕ್ತನಾಳವೇ ಕೆಟ್ಟಿರೋ ಪಿಎಎಚ್‌ಗೆ, ಅದು ಒಳ್ಳೇ ಔಷಧಿ, ನಾನೇ ಬರೀತೀನಿ.

ನಾಲ್ಕನೇ ಗುಂಪನ್ನ ಡಾಕ್ಟ್ರುಗಳೇ ಮರೀತಾರೆ. ಹಳೇ ಕ್ಲಾಟ್ ಲಂಗ್ಸಲ್ಲಿ ಗಟ್ಟಿಯಾಗಿ ಕೂತಿರುತ್ತೆ, ಹುಡುಕೋಕೆ ಲಂಗ್ಸಲ್ಲಿ ಗಾಳಿ, ರಕ್ತ ಎಲ್ಲೆಲ್ಲಿ ಹೋಗ್ತಿದೆ ಅಂತ ತೋರ್ಸೋ ವಿ-ಕ್ಯೂ ಸ್ಕ್ಯಾನ್ ಬೇಕು, ಸರಿಯಾದ ಸೆಂಟರಲ್ಲಿ ಆಪರೇಶನ್ ಮಾಡಿ ಬಿಡಿಸಿದ್ರೆ ಎಷ್ಟೋ ಜನಕ್ಕೆ ಪೂರ್ತಿ ವಾಸಿ. ಗುಣ ಆಗೋ ಕಾಯಿಲೆ ಇಟ್ಕೊಂಡು ಜೀವನಪೂರ್ತಿ ಮಾತ್ರೆ ನುಂಗೋದು ಯಾವ ಕರ್ಮ ಹೇಳಿ. ಅಮ್ಮನ್ನ ಕರ್ಕೊಂಡೋಗಿ, 'ಯಾವ ಗುಂಪು' ಅಂತ ಕೇಳಿ, ಉತ್ತರ ಸಿಗೋವರೆಗೂ ಅಂಗಡಿ ಮಾತ್ರೆ ಮುಟ್ಬೇಡಿ.

ಪ್ರಶ್ನೆ: ಇನ್ಹೇಲರ್ ಚಟ ಆಗುತ್ತಾ?
ಇಲ್ಲ. ಮುಂದಿಂದು.

ಪ್ರಶ್ನೆ: ಲಂಗ್ಸ್ ಕ್ಲೀನ್ ಮಾಡೋ ಪುಡಿ ತಗೊಂಡ ಮೇಲೆ ಉಬ್ಬಸ ಪೂರ್ತಿ ಹೋಯ್ತು.
ಅಷ್ಟು ಬೇಗ ಹೋಗಿದ್ರೆ ಸ್ಟಿರಾಯ್ಡ್ ಬೆರೆಸಿದಾರಾ ಅಂತ ನನಗೆ ಅನುಮಾನ. ಡಬ್ಬಿ ಸಮೇತ ಡಾಕ್ಟ್ರ ಹತ್ರ ಹೋಗಿ.

ಪ್ರಶ್ನೆ: ನನಗೆ ಪಿಎಎಚ್ ಇದೆ, ಬೋಸೆಂಟಾನ್ ತಗೋತಿದೀನಿ. ಮನೇಲಿ ಮಗು ಬೇಕು ಅಂತಿದಾರೆ.
ಬೇಡಮ್ಮ. ಬಸಿರು ನಿನ್ನ ಜೀವಕ್ಕೇ ಅಪಾಯ, ಆ ಮಾತ್ರೆ ಮಗೂಗೂ ಹಾನಿ. ಹಾಗಂತ ಮಾತ್ರೆ ನೀನಾಗೇ ನಿಲ್ಲಿಸ್ಬೇಡ. ಅತ್ತೆನೂ ಗಂಡನ್ನೂ ಓಪಿಡಿಗೆ ಕರ್ಕೊಂಡು ಬಾ, ಅವರಿಗೆ ನಾನು ಹೇಳ್ತೀನಿ.