ಡಾಕ್ಟ್ರೇ, ಇಲಿಗೂ ದನಿ ಕೇಳಿಸುತ್ತದೆಯೇ?

ಪ್ರಶ್ನೆ: ನನ್ನ ತಮ್ಮನಿಗೆ 31 ವರ್ಷ, ಸ್ಕಿಜೋಫ್ರೇನಿಯಾ. ಮಾತ್ರೆಯಿಂದ ಕಿವಿಯೊಳಗಿನ ದನಿಗಳು ನಿಂತಿವೆ. ಆದರೆ ಮಾವನ ಹೋಟೆಲಿನಲ್ಲಿ ‘ಎರಡು ಮಸಾಲೆ, ಒಂದು ಉಪ್ಪಿಟ್ಟು, ಮೂರು ಕಟಿಂಗ್ ಚಹಾ’ ಅಂದರೆ ಅಡುಗೆಮನೆ ಮುಟ್ಟುವಷ್ಟರಲ್ಲಿ ಒಂದು ಮರೆತಿರುತ್ತದೆ. ಮಾವ ‘ಸೋಮಾರಿ’ ಅನ್ನುತ್ತಾರೆ. ಈ ಕಾಯಿಲೆಗೆ ಇಲಿಗಳ ಮೇಲೆ ಸಂಶೋಧನೆ ಮಾಡುತ್ತಾರಂತೆ. ಇಲಿಗೆ ದನಿ ಕೇಳಿಸಿದ್ದು ಹೇಗೆ ಗೊತ್ತಾಗುತ್ತದೆ? ಮಾತ್ರೆ ಹೆಚ್ಚಿಸಿದರೆ ಮರೆವು ಹೋದೀತೆ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಇಲಿಗೆ ದನಿ ಕೇಳಿಸಿತೋ ಇಲ್ಲವೋ, ಆ ಇಲಿಗೇ ಗೊತ್ತು ತಂಗಿ. ಮರೆತದ್ದು ಮಾತ್ರ ನಮಗೂ ಕಾಣುತ್ತದೆ. ‘ಟಿ’ ಅಕ್ಷರದಂಥ ಒಂದು ಓಣಿ. ಮೊದಲ ಸಲ ಒಂದು ಕಡೆ ಮುಚ್ಚಿರುತ್ತಾರೆ, ಇಲಿ ತೆರೆದ ಕಡೆ ಹೋಗಿ ತಿಂಡಿ ತಿನ್ನುತ್ತದೆ. ಕೆಲವು ಸೆಕೆಂಡು ತಡೆದು ಮತ್ತೆ ಬಿಟ್ಟಾಗ ತಿಂಡಿ ಇನ್ನೊಂದು ಕಡೆ. ಈಗಷ್ಟೇ ಎತ್ತ ಹೋಗಿದ್ದೆ ಎಂಬುದು ತಲೆಯಲ್ಲಿ ನಿಲ್ಲಬೇಕು. ಟೇಬಲಿನಿಂದ ಅಡುಗೆಮನೆಯವರೆಗೆ ನಿಮ್ಮ ತಮ್ಮ ಹೊರುವ ಭಾರವೂ ಇದೇ: ವರ್ಕಿಂಗ್ ಮೆಮರಿ.

ಮನುಷ್ಯರಲ್ಲಿ ವಂಶವಾಹಿಗಳನ್ನು ಹೊತ್ತ 22ನೇ ಕ್ರೋಮೋಸೋಮಿನ ಒಂದು ಚೂರು ಇಲ್ಲದಿದ್ದರೆ ಈ ಕಾಯಿಲೆಯ ಸಾಧ್ಯತೆ ಬಹಳ ಹೆಚ್ಚು. ಅಂಥದೇ ಕೊರತೆಯಿದ್ದ ಇಲಿಗಳನ್ನು ಈ ಓಣಿಯಲ್ಲಿ ಓಡಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅವುಗಳ ಮೆದುಳಿನಲ್ಲಿ ನೆನಪಿಗೆ ಬೇಕಾದ ಹಿಪೋಕ್ಯಾಂಪಸ್ ಎಂಬ ಭಾಗಕ್ಕೂ ಹಣೆಯ ಹಿಂದಿನ ಪ್ರೀಫ್ರಂಟಲ್ ಕಾರ್ಟೆಕ್ಸಿಗೂ ತಾಳ ಕೂಡುತ್ತಿರಲಿಲ್ಲ. ನಮ್ಮ ಮಾಟುಂಗಾದ ಶನಿವಾರದ ಭಜನೆಯಲ್ಲಿ ತಬಲಾದವರು ತಡವಾಗಿ ಬಂದು ಕೂತಾಗ ಆಗುವುದೂ ಹೀಗೆಯೇ!

ಮಾತ್ರೆಯ ವಿಷಯಕ್ಕೆ ಬರೋಣ. ಈ ಮಾತ್ರೆಗಳು ಮುಖ್ಯವಾಗಿ ಮೆದುಳಿನ ಸಂದೇಶವಾಹಕ ರಾಸಾಯನಿಕವಾದ ಡೋಪಮೈನನ್ನು ಹಿಡಿದುಕೊಳ್ಳುವ ಡಿ2 ಗ್ರಾಹಕಗಳನ್ನು ತಡೆಯುತ್ತವೆ. 2006ರಲ್ಲಿ ನರವಿಜ್ಞಾನಿ ಎರಿಕ್ ಕ್ಯಾಂಡಲ್ ಅವರ ತಂಡದವರು ಇಲಿಮರಿಗಳ ಮೆದುಳಿನ ಒಳಭಾಗವಾದ ಸ್ಟ್ರಯಾಟಮ್ಮಿನಲ್ಲಿ ಈ ಗ್ರಾಹಕಗಳು ಹೆಚ್ಚುವಂತೆ ಮಾಡಿದರು. ವರ್ಕಿಂಗ್ ಮೆಮರಿ ಕೆಟ್ಟಿತು. ದೊಡ್ಡದಾದ ಮೇಲೆ ಹೆಚ್ಚುವರಿ ಗ್ರಾಹಕಗಳನ್ನು ನಿಲ್ಲಿಸಿದರೂ ಮರೆವು ಹಾಗೇ ಉಳಿಯಿತು. ಬೆಳೆಯುವಾಗಲೇ ಏನೋ ಕೂತುಬಿಟ್ಟಿತ್ತು. ಇಲಿಯಲ್ಲಿ ಗೆದ್ದ ಎಷ್ಟೋ ಔಷಧಗಳು ಮನುಷ್ಯರಲ್ಲಿ ಸೋತಿವೆ, ಹಾಗಾಗಿ ಇದನ್ನೇ ನಿಮ್ಮ ತಮ್ಮನಿಗೆ ಅಂಟಿಸಲಾರೆ. ಆದರೆ ಮರೆವಿಗೆಂದು ಡೋಸ್ ಏರಿಸಿ ಪ್ರಯೋಜನವಿಲ್ಲ, ಮಂಪರು ಹೆಚ್ಚಬಹುದು. ದನಿ ನಿಂತಿತೆಂದು ಬಿಡುವುದೂ ಬೇಡ.

ಒಂದು ಕೆಲಸ ಮಾಡಿ. ಕೈನಡುಕಕ್ಕೆಂದು ಟ್ರೈಹೆಕ್ಸಿಫೆನಿಡಿಲ್ ಬರೆದಿದ್ದಾರೆಯೇ ನೋಡಿ. ಅದೂ ನೆನಪನ್ನು ಮಂಕಾಗಿಸುತ್ತದೆ. ಇನ್ನೂ ಬೇಕೇ ಎಂದು ಅವನ ವೈದ್ಯರನ್ನೇ ಕೇಳಿ. ಮಾವನಿಗೆ ಇಲಿಯ ಕಥೆ ಹೇಳಿ, ತಮ್ಮನ ಜೇಬಿಗೊಂದು ಚೀಟಿಪುಸ್ತಕ, ಪೆನ್ನು ಹಾಕಿ. ಎರಡು ಟೇಬಲ್ ಸಾಕು ಸದ್ಯಕ್ಕೆ.