ಆಕ್ಲೆಂಡಿಗೆ ಬರೋ ತಮ್ಮನಿಗೆ: ಬಾಡಿಗೆ ವಿಷಯ ಕಮ್ಮಿ, ಪೀಟರ್ ಬ್ಲೇಕ್ ವಿಷಯ ಜಾಸ್ತಿ

ತಮ್ಮಾ, ನಿನ್ನ ಪ್ರಶ್ನೆ ನೋಡ್ದೆ. ನವೆಂಬರಲ್ಲಿ ಆಕ್ಲೆಂಡಿಗೆ ಕೆಲಸಕ್ಕೆ ಬರ್ತಿದೀನಿ, ಬಾಡಿಗೆ ದಿನಸಿ ಬಸ್ಸು ಎಲ್ಲಾ ವಿಚಾರಿಸ್ಕೊಂಡಿದೀನಿ, ಆದ್ರೆ ಅಲ್ಲಿ ಜನ ಹೆಂಗಣ್ಣಾ, ನಮ್ಮನ್ನ ಹತ್ರ ಸೇರಿಸ್ಕೋತಾರಾ, ಊಟಕ್ಕೆ ಕೂತಾಗ ಏನು ಮಾತಾಡೋದು ಅಂತ ಕೇಳಿದ್ಯಲ್ಲ, ಮೊದಲನೇ ವರ್ಷ ನನ್ನನ್ನ ರಾತ್ರಿ ನಿದ್ದೆ ಮಾಡಕ್ಕೆ ಬಿಡದೇ ಇದ್ದಿದ್ದು ಇದೇ ಪ್ರಶ್ನೆ.

ಮನೆ ಬಗ್ಗೆ ಒಂದೇ ಮಾತು ಹೇಳ್ತೀನಿ, ಉತ್ತರಕ್ಕೆ ಮುಖ ಇರೋ ಮನೆ ನೋಡ್ಕೋ, ಇಲ್ಲಿ ಬಿಸಿಲು ಬೀಳೋದು ಆ ಕಡೆಯಿಂದ, ಇಲ್ಲಾಂದ್ರೆ ಚಳಿಗಾಲದಲ್ಲಿ ಬೀರೂ ಒಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತೆ.

ಇನ್ನು ಜನದ ವಿಷಯ. ನಾನು ಬಂದಿದ್ದು 2002ರ ಫೆಬ್ರವರಿ. ತಿಪಟೂರು ಕಡೆಯವನು, ನೀರು ಅಂದ್ರೆ ನಮ್ಮೂರ ಕೆರೆ, ಅದೂ ಮಳೆ ಬಂದ್ರೆ. ಕೆಲಸಕ್ಕೆ ಸೇರಿದ ಮೊದಲ ವಾರ ನಮ್ಮ ಸೂಪರ್‌ವೈಸರ್, ಅರವತ್ತರ ಹತ್ರದ ಮನುಷ್ಯ, ಅವರ ಡ್ರಾಯರ್‌ನಲ್ಲಿ ಒಂದು ಜೊತೆ ಕೆಂಪು ಕಾಲ್ಚೀಲ ನೋಡ್ದೆ. ಹಿಮ್ಮಡಿ ಸವೆದು ಹೋಗಿತ್ತು, ಆದ್ರೂ ಒಗೆದು ಮಡಚಿ ಇಟ್ಟಿದ್ರು. ಏನಿದು ಅಂತ ಕೇಳಿದ್ದಕ್ಕೆ ಆ ಮನುಷ್ಯ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ, ಆಮೇಲೆ ಕುರ್ಚಿ ಎಳ್ಕೊಂಡು ಕೂತು ನ್ಯೂಜಿಲೆಂಡಿನ ಹಾಯಿದೋಣಿ ನಾವಿಕ ಪೀಟರ್ ಬ್ಲೇಕ್ ಕಥೆ ಹೇಳಿದ್ರು. ಬ್ಲೇಕ್ ತೀರಿಕೊಂಡು ಆಗ ಇನ್ನೂ ಎರಡೇ ತಿಂಗಳು.

ಬ್ಲೇಕ್ ಹುಟ್ಟಿದ್ದು 1948ರಲ್ಲಿ ಆಕ್ಲೆಂಡಲ್ಲೇ, ಬೆಳೆದಿದ್ದು ಬಂದರಿನ ಆಚೆ ದಡದ ಬೇಸ್‌ವಾಟರ್‌ನಲ್ಲಿ. ಮನೆ ಮುಂದೇನೇ ನೀರು. ಚಿಕ್ಕ ಹುಡುಗ ಇದ್ದಾಗ್ಲಿಂದ ಹಾಯಿದೋಣಿ, ಹದಿನೆಂಟರ ಆಸುಪಾಸಲ್ಲಿ ತಮ್ಮನ ಜೊತೆ ಸೇರಿ ಮನೆ ಹಿತ್ತಲಲ್ಲೇ 23 ಅಡಿಯ ಬೋಟು ಕಟ್ಟಿ ಅದ್ರಲ್ಲೇ ರೇಸ್ ಗೆದ್ದ, ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೂಡ ಓದ್ಕೊಂಡ. ಆಮೇಲೆ ಕಾಲಿಗೆ ಚಕ್ರ ಕಟ್ಕೊಂಡವನ ಥರ ಸಮುದ್ರ ಸುತ್ತಿದ್ದೇ ಸುತ್ತಿದ್ದು.

ವಿಟ್‌ಬ್ರೆಡ್ ಅಂತ ಒಂದು ರೇಸ್ ಇತ್ತು, ಇಂಗ್ಲೆಂಡಿಂದ ಹೊರಟು ಭೂಮಿ ಸುತ್ತಿ ವಾಪಸ್ ಇಂಗ್ಲೆಂಡಿಗೆ, ತಿಂಗಳುಗಟ್ಟಲೆ, ದಕ್ಷಿಣದ ಮಂಜುಗಡ್ಡೆ ತೇಲೋ ಸಮುದ್ರದಲ್ಲಿ. 1973ರ ಮೊದಲ ರೇಸಿಂದ ಶುರು ಮಾಡಿ ಸತತ ಐದು ಸಲ ಹೋದ. ಮೊದಲ ನಾಲ್ಕು ಸಲ ಆ ಗೆಲುವು ಕೈಗೆ ಸಿಗ್ಲೇ ಇಲ್ಲ. ಅದ್ರಲ್ಲಿ 1981ರದ್ದು ನೀನು ಕೇಳ್ಬೇಕು. ಸೆರಾಮ್ಕೋ ನ್ಯೂಜಿಲೆಂಡ್ ಅನ್ನೋ ಬೋಟು, ಬ್ಲೇಕೇ ಸ್ಕಿಪ್ಪರ್, ಮೊದಲನೇ ಹಂತದಲ್ಲೇ ಅಟ್ಲಾಂಟಿಕ್ ಮಧ್ಯೆ ಅಸೆನ್ಷನ್ ದ್ವೀಪದ ಹತ್ರ ಕೂವೆಮರ, ಇಲ್ಲಿಯವರು ಮಾಸ್ಟ್ ಅಂತಾರಲ್ಲ ಅದು, ಮುರಿದು ಬಿತ್ತು. ಹಾಯಿ ಕಟ್ಟೋ ಕಂಬಾನೇ ಇಲ್ಲಾಂದ್ರೆ ಮನೆಗೆ ಹೋಗೋದೇ ತಾನೇ? ಇವ್ರು ಮುರಿದ ತುಂಡನ್ನೇ ಎತ್ತಿ ಉಳಿದ ಮೋಟು ಕಂಬಕ್ಕೆ ಹಗ್ಗದಲ್ಲಿ ಬಿಗಿದು, ಸಿಕ್ಕ ಹಾಯಿ ಕಟ್ಕೊಂಡು, ಗಾಳಿ ಎಲ್ಲಿ ಒಳ್ಳೇದಿದ್ಯೋ ಆ ಕಡೆ ಬಳಸ್ಕೊಂಡು ಸುಮಾರು 4000 ಮೈಲಿ ಹೋಗಿ ಕೇಪ್‌ಟೌನ್ ಮುಟ್ಟಿದ್ರು. ಅಲ್ಲಿ ಹೊಸ ಮಾಸ್ಟ್ ನಿಲ್ಲಿಸ್ಕೊಂಡು, ಮುಂದಿನ ಹಂತ, ಅಂದ್ರೆ ಆಕ್ಲೆಂಡಿಗೆ ಬರೋ ಹಂತ, ಗೆದ್ದೇಬಿಟ್ರು. ನಮ್ಮ ಸೂಪರ್‌ವೈಸರ್ ಇದನ್ನ ಹೇಳುವಾಗ ಟೇಬಲ್ ಮೇಲಿದ್ದ ಎರಡು ಪೆನ್ಸಿಲ್ ತಗೊಂಡು ಒಂದಕ್ಕೊಂದು ರಬ್ಬರ್‌ಬ್ಯಾಂಡ್ ಸುತ್ತಿ ತೋರಿಸಿದ್ರು.

ಐದನೇ ಸಲ, 1989-90ರಲ್ಲಿ, ಸ್ಟೈನ್‌ಲಾಗರ್ 2 ಅನ್ನೋ ಕೆಂಪು ಬೋಟಲ್ಲಿ ಆರಕ್ಕೆ ಆರೂ ಹಂತ ಗೆದ್ದ. ಕೊನೇ ಹಂತದಲ್ಲಿ ಮಾಸ್ಟ್ ಹಿಡಿದಿಡೋ ಒಂದು ಭಾಗ ಕಿತ್ಕೊಂಡು ಬಂತಂತೆ, ಆ ಕ್ಷಣಕ್ಕೇ ಬೋಟಿನ ಮಗ್ಗುಲು ತಿರುಗಿಸಿ ಗಾಳಿಯನ್ನ ಇನ್ನೊಂದು ಕಡೆಗೆ ತಗೊಳ್ದೇ ಇದ್ದಿದ್ರೆ ಅಷ್ಟು ತಿಂಗಳ ಶ್ರಮ ನೀರುಪಾಲು. 1994ರಲ್ಲಿ ಇಂಗ್ಲೆಂಡಿನ ನಾವಿಕ ರಾಬಿನ್ ನಾಕ್ಸ್-ಜಾನ್‌ಸ್ಟನ್ ಜೊತೆ ಎನ್ಜಾ ಅನ್ನೋ ಬೋಟಲ್ಲಿ ಎಲ್ಲೂ ನಿಲ್ಲದೆ 74 ದಿನ 22 ಗಂಟೆಯಲ್ಲಿ ಭೂಮಿ ಸುತ್ತಿ ಆಗಿನ ದಾಖಲೆ ಮಾಡಿದ.

ಆದ್ರೆ ನಿನಗೆ ನಾನು ಹೇಳ್ಬೇಕು ಅಂತಿರೋದು 1995ರ ವಿಷಯ. ಅಮೆರಿಕಾಸ್ ಕಪ್ ಅನ್ನೋದು 1851ರಿಂದ ಇರೋ ಹಾಯಿದೋಣಿ ರೇಸಿನ ಟ್ರೋಫಿ, ಆಗಿನವರೆಗೂ ಅಮೆರಿಕ ಬಿಟ್ರೆ ಅದನ್ನ ಗೆದ್ದಿದ್ದು ಆಸ್ಟ್ರೇಲಿಯಾ ಒಂದೇ, ಅದೂ ಒಂದೇ ಸಲ. ಸ್ಯಾನ್ ಡಿಯಾಗೋದಲ್ಲಿ ಬ್ಲ್ಯಾಕ್ ಮ್ಯಾಜಿಕ್ ಅನ್ನೋ ನ್ಯೂಜಿಲೆಂಡಿನ ಕಪ್ಪು ಬೋಟು 5-0 ಗೆದ್ದು ಕಪ್ ತಂತು. ಇಡೀ ತಂಡ ಕಟ್ಟಿ, ದುಡ್ಡು ಹೊಂದಿಸಿ, ಯಜಮಾನ ಆಗಿದ್ದೋನು ಬ್ಲೇಕ್. ಆದ್ರೆ ಬೋಟ್ ಮೇಲೆ ಚುಕ್ಕಾಣಿ ಯಾರ ಕೈಲಿತ್ತು ಗೊತ್ತಾ? 33 ವರ್ಷದ ರಸೆಲ್ ಕೌಟ್ಸ್ ಕೈಲಿ. 46ರ ಬ್ಲೇಕ್, ಪ್ರಪಂಚ ಸುತ್ತೋಕೆ ಅಷ್ಟು ಸಲ ಹೊರಟಿದ್ದವನು, ಬೋಟಿನ ಮಧ್ಯ ಕೂತು ದೊಡ್ಡ ಹಾಯಿಯನ್ನ ಆಚೀಚೆ ಸರಿಸೋ ಟ್ರಾವೆಲರ್ ಹಗ್ಗ ಎಳೀತಿದ್ದ, ಅಷ್ಟೇ ಅವನ ಕೆಲಸ. ಫೈನಲ್‌ಗೆ ಮುಂಚಿನ ರೇಸುಗಳಲ್ಲಿ ಒಂದು ಸಲ ತೋಳಿಗೆ ಪೆಟ್ಟಾಗಿ ಅವನು ಬೋಟ್ ಹತ್ತದೇ ಇದ್ದಾಗ್ಲೇ ಅವನ ತಂಡ ನೀರಿನ ಮೇಲೆ ಸೋತಿದ್ದು. ಹೆಂಡತಿ ಪಿಪ್ಪಾ ಕೊಟ್ಟ ಕೆಂಪು ಕಾಲ್ಚೀಲ ಅವನ ಅದೃಷ್ಟದ್ದು ಅಂತ ಗೊತ್ತಾಗಿ ಪ್ರಧಾನಿಯಿಂದ ಹಿಡಿದು ಶಾಲೆ ಮಕ್ಕಳ ತನಕ ಎಲ್ಲಾ ಕೆಂಪು ಕಾಲ್ಚೀಲ ಕೊಂಡು ಹಾಕ್ಕೊಂಡ್ರು, ಆ ದುಡ್ಡು ತಂಡಕ್ಕೆ ಹೋಯ್ತು. ಡ್ರಾಯರ್‌ನಲ್ಲಿದ್ದ ಜೊತೆ ಅದೇ.

ಇಲ್ಲಿನ ಆಫೀಸು ಹೀಗೇನೇ ತಮ್ಮಾ. ಸರ್ ಅನ್ನೋ ಪದ ಬಾಯಿಗೆ ಬಂದ್ರೂ ನುಂಗ್ಕೋ, ಮ್ಯಾನೇಜರನ್ನೂ ಹೆಸರು ಹಿಡಿದೇ ಕರಿ, ರಾಣಿ ಕೈಲಿ ಸರ್ ಪದವಿ ತಗೊಂಡ ಬ್ಲೇಕನ್ನೂ ಇವ್ರು ಪೀಟರ್ ಅಂತಾನೇ ಅಂತಾರೆ. ಯಾವ ಕಾಲೇಜು, ಎಷ್ಟು ಮಾರ್ಕ್ಸು ಅಂತ ಯಾರೂ ಕೇಳಲ್ಲ, ಹಗ್ಗ ಎಳೆಯೋ ಹೊತ್ತಲ್ಲಿ ಕೈ ಹಾಕಿದ್ಯಾ ಇಲ್ವಾ ಅಂತ ನೋಡ್ತಾರೆ. ನಾನು ಮೊದಲ ಆರು ತಿಂಗಳು ಹೇಳಿದಷ್ಟು ಮಾಡಿ ತಲೆ ತಗ್ಗಿಸ್ಕೊಂಡು ಕೂತಿರ್ತಿದ್ದೆ, ಅದು ವಿನಯ ಅಂದ್ಕೊಂಡಿದ್ದೆ, ಇವ್ರಿಗೆ ಅದು ಆಸಕ್ತಿ ಇಲ್ಲದವನ ಥರ ಕಾಣ್ಸಿತ್ತು. ಅದು ತಿಳಿಯೋಕೆ ನನಗೆ ತುಂಬಾ ದಿನ ಹಿಡೀತು, ನೀನು ಅಷ್ಟು ದಿನ ಕಳೀಬೇಡ.

ತಿಳಿದಿದ್ದೂ ಬೋಟ್ ಮೇಲೇನೇ. ಬೇಸಿಗೆ ಸಂಜೆ ಎಂಟು ದಾಟಿದ್ರೂ ಬೆಳಕಿರುತ್ತೆ, ವಾರದ ಮಧ್ಯೆನೇ ಕ್ಲಬ್‌ಗಳು ರೇಸ್ ಇಡ್ತಾರೆ, ಆಳು ಕಮ್ಮಿ ಬಿದ್ರೆ ಯಾರನ್ನಾದ್ರೂ ಹತ್ತಿಸ್ಕೋತಾರೆ. ಸೂಪರ್‌ವೈಸರ್ ನನ್ನ ಕರ್ಕೊಂಡೋದ್ರು. ಲೈಫ್ ಜಾಕೆಟ್ ಬಿಗಿದು ಅಂಚಿನ ಮೇಲೆ ಕೂರಿಸಿ, ಕಾಲು ಆಚೆ ಇಳಿಬಿಡು, ಬೋಟ್ ವಾಲಿದಾಗ ನಿನ್ನ ತೂಕ ಬೇಕು ಅಂದ್ರು. ಹಾಯಿ ಎಳೆಯೋ ಹಗ್ಗಕ್ಕೆ ಶೀಟ್ ಅಂತಾರೆ, ಅದೇ ಗೊತ್ತಿರ್ಲಿಲ್ಲ. ಹಾರ್ಬರ್ ಬ್ರಿಡ್ಜ್ ಕಡೆಯಿಂದ ಗಾಳಿ ಏಕಾಏಕಿ ಜೋರಾಗಿ ಎಲ್ಲರೂ ಆ ಕಡೆಯಿಂದ ಈ ಕಡೆಗೆ ಹಾರುವಾಗ ವಿಂಚ್, ಅಂದ್ರೆ ಹಗ್ಗ ಸುತ್ತಿ ಎಳೆಯೋ ರಾಟೆ, ಅದರ ಹತ್ರ ಯಾರೂ ಇರ್ಲಿಲ್ಲ, ನಾನೇ ಶೀಟ್ ಹಿಡಿದೆ. ಒದ್ದೆ ಹಗ್ಗ ಅಂಗೈಯಲ್ಲಿ ಜಾರ್ಕೊಂಡು ಬೆಂಕಿ ಮುಟ್ಟಿದಂಗಾಯ್ತು, ಬಿಡ್ಲಿಲ್ಲ, ವಿಂಚ್‌ಗೆ ಮೂರು ಸುತ್ತು ಸುತ್ತು ಅಂತ ಹಿಂದಿಂದ ಕೂಗಿದ್ರು, ಸುತ್ತಿದೆ, ಹಾಯಿ ಪಟಪಟ ಬಡ್ಕೊಳ್ತಿದ್ದಿದ್ದು ಗಪ್ಪಂತ ನಿಂತು ಬೋಟು ಮುಂದಕ್ಕೆ ನುಗ್ತು. ಮಾರನೇ ದಿನ ಊಟಕ್ಕೆ ಕೂತಾಗ ಕೈಯಲ್ಲಿ ಬೊಕ್ಕೆ ನೋಡಿ ಯಾರೋ ಕೇಳಿದ್ರು, ಅವತ್ತಿಂದ ಮಾತಿಗೆ ಯಾವತ್ತೂ ಬರ ಬಂದಿಲ್ಲ.

2000ರಲ್ಲಿ ಆಕ್ಲೆಂಡಲ್ಲೇ ಇಟಲಿಯವರ ಮೇಲೆ 5-0 ಗೆದ್ದು ಕಪ್ ಉಳಿಸ್ಕೊಂಡ್ರು, ಅದಾದ್ಮೇಲೆ ಬ್ಲೇಕ್ ರೇಸ್ ಬಿಟ್ಟು ಸೀಮಾಸ್ಟರ್ ಅನ್ನೋ ಬೋಟ್ ತಗೊಂಡು ಸಮುದ್ರ ನದಿಗಳ ಸ್ಥಿತಿ ಜನಕ್ಕೆ ತೋರಿಸ್ತೀನಿ ಅಂತ ಹೊರಟ. 2001ರ ಡಿಸೆಂಬರಲ್ಲಿ ಅಮೆಜಾನ್ ಬಾಯಲ್ಲಿ, ಬ್ರೆಜಿಲ್‌ನ ಮಕಾಪಾ ಹತ್ರ ಲಂಗರು ಹಾಕಿದ್ದಾಗ ರಾತ್ರಿ ಮುಖ ಮುಚ್ಕೊಂಡ ದರೋಡೆಕೋರರು ಹತ್ತಿದ್ರು. ಜೊತೆಯವರನ್ನ ಕಾಪಾಡೋಕೆ ಬಂದೂಕು ಎತ್ತಿದ, ಅದು ಕೈಕೊಡ್ತು, ಗುಂಡು ಹೊಡೆದ್ರು. 53 ವರ್ಷ. ಅವ್ರು ಹೊತ್ಕೊಂಡು ಹೋಗಿದ್ದು ಕೆಲವು ವಾಚು, ಒಂದು ಸಣ್ಣ ದೋಣಿ, ಅದರ ಮೋಟಾರು. ಇವತ್ತಿಗೂ ಬರೆಯುವಾಗ ಹೊಟ್ಟೆ ಉರಿಯುತ್ತೆ.

ನಾನು ಬಂದ ಮುಂದಿನ ವರ್ಷ ನಾನೇ ಕಣ್ಣಾರೆ ನೋಡಿದ್ದು, 2003ರ ಕಪ್ಪಿನಲ್ಲಿ ನಾಲ್ಕನೇ ರೇಸಲ್ಲಿ ನ್ಯೂಜಿಲೆಂಡ್ ಬೋಟಿನ ಮಾಸ್ಟ್ ಮುರಿದಾಗ ಆಫೀಸ್ ಟೀವಿ ಮುಂದೆ ಯಾರೂ ಬೈಲಿಲ್ಲ, ಕೂಗ್ಲಿಲ್ಲ, ಒಬ್ರು ಮೆಲ್ಲಗೆ "ಪೀಟರ್ ಇರ್ಬೇಕಿತ್ತು" ಅಂದ್ರು ಅಷ್ಟೇ.

ಇನ್ನೊಂದು ವಿಷಯ, ಇದು ನಮ್ಮಂಥವರಿಗೆ. ಬ್ಲೇಕ್ ಮದುವೆಯಾಗಿದ್ದು ಇಂಗ್ಲೆಂಡಿನ ಹುಡುಗೀನ, ಸಂಸಾರ ಹೂಡಿದ್ದು ಅಲ್ಲೇ ಎಮ್ಸ್‌ವರ್ತ್‌ನಲ್ಲಿ, ಮಣ್ಣಾಗಿದ್ದೂ ಅದರ ಪಕ್ಕದ ವಾರ್ಬ್ಲಿಂಗ್ಟನ್‌ನಲ್ಲಿ. ಆದ್ರೂ ಅವನು ನಮ್ಮೋನಲ್ಲ ಅಂತ ಇಲ್ಲಿ ಒಬ್ರ ಬಾಯಲ್ಲೂ ನಾನು ಕೇಳಿಲ್ಲ. ಊರು ಬಿಟ್ರೆ ಊರಿನವರು ಮರೀತಾರೆ ಅಂತ ನೀನು ಕೊನೇ ಸಾಲಲ್ಲಿ ಬರೆದಿದ್ಯಲ್ಲ, ಅದನ್ನ ಓದಿದಾಗ ನನಗೆ ನೆನಪಾಗಿದ್ದು ಇದು.

ಬಂದ ಮೇಲೆ ಮೊದಲ ಶನಿವಾರ ವಯಾಡಕ್ಟ್ ಹಾರ್ಬರ್ ಹತ್ರ ಇರೋ ಮ್ಯಾರಿಟೈಮ್ ಮ್ಯೂಸಿಯಂಗೆ ಹೋಗೋಣ, ಬ್ಲ್ಯಾಕ್ ಮ್ಯಾಜಿಕ್ ಅಲ್ಲೇ ಇದೆ, ಪಕ್ಕದಲ್ಲಿ ನಿಂತ್ರೆ ಅದರ ಎತ್ತರಕ್ಕೆ ಕತ್ತು ನೋಯುತ್ತೆ. ಜನವರಿ ಕೊನೇಲಿ ಆನಿವರ್ಸರಿ ರೆಗಾಟಾ, ಅಂದ್ರೆ ಹಾಯಿದೋಣಿ ರೇಸುಗಳ ಹಬ್ಬ ಇರುತ್ತೆ, ಬಂದರು ತುಂಬಾ ಹಾಯಿ. ಅಷ್ಟರಲ್ಲಿ ನಿನ್ನನ್ನ ಯಾವ್ದಾದ್ರೂ ಬೋಟ್ ಹತ್ತಿಸ್ತೀನಿ. ಒಳ್ಳೇ ವಿಂಡ್‌ಚೀಟರ್ ಒಂದು ತಗೊಂಡ್ಬಾ, ರಬ್ಬರ್ ಸೋಲಿನ ಶೂ ಇರ್ಲಿ, ಕರಿ ಸೋಲ್ ಬೇಡ, ಡೆಕ್ ಮೇಲೆ ಗೆರೆ ಬೀಳುತ್ತೆ ಅಂತ ಹತ್ತಕ್ಕೆ ಬಿಡಲ್ಲ. ಸನ್‌ಸ್ಕ್ರೀನ್ ಇಲ್ಲೇ ತಗೊಳ್ಳೋಣ.